ಐದು ರಾತ್ರಿಯ ಥೈಲ್ಯಾಂಡ್ ಪ್ರವಾಸ: ವೇಕ್‌ಬೋರ್ಡ್ ಕಲಿಯಲು ಯಾವ ಕೇಬಲ್ ಪಾರ್ಕ್ ಆರಿಸಿಕೊಳ್ಳಬೇಕು?

ಮೈಸೂರಿನವಳು – ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನವೆಂಬರ್ ಎರಡನೆಯ ವಾರದಲ್ಲಿ ನಾನು, ನನ್ನ ಯಜಮಾನರು ಮತ್ತು 22 ವರ್ಷದ ನನ್ನ ತಮ್ಮ ಥೈಲ್ಯಾಂಡಿಗೆ ಹೊರಟಿದ್ದೇವೆ. ಬೆಂಗಳೂರಿನಿಂದ ಬ್ಯಾಂಕಾಕ್‌ನ ಡಾನ್ ಮುಯಾಂಗ್ ನಿಲ್ದಾಣಕ್ಕೆ ಟಿಕೆಟ್ ಆಗಿದೆ. ಮೊದಲ ಎರಡು ರಾತ್ರಿ ಬ್ಯಾಂಕಾಕ್‌ನ ಸುಖುಮ್‌ವಿತ್ ಭಾಗದಲ್ಲಿ, ಉಳಿದ ಮೂರು ರಾತ್ರಿ ಫುಕೆಟ್‌ನ ಪಟಾಂಗ್‌ನಲ್ಲಿ ತಂಗುವುದೆಂದು ನಿಶ್ಚಯಿಸಿದ್ದೇವೆ, ಫುಕೆಟ್‌ನಿಂದಲೇ ಹಿಂದಿರುಗುತ್ತೇವೆ.

ತಮ್ಮನಿಗೆ ಮತ್ತು ನನಗೆ ಕೇಬಲ್ ವೇಕ್‌ಬೋರ್ಡಿಂಗ್ ಕಲಿಯಬೇಕೆಂಬ ಆಸೆ ಬಹಳ ದಿನಗಳಿಂದ ಇದೆ: ದೋಣಿಯ ಬದಲು ಮೇಲೆ ಸಾಗುವ ತಂತಿ ಎಳೆಯುವಾಗ ಹಲಗೆಯ ಮೇಲೆ ನಿಂತು ನೀರಿನ ಮೇಲೆ ಜಾರುವ ಆಟ ಅದು. ಇಬ್ಬರಿಗೂ ಈಜು ಬರುತ್ತದೆ, ಆದರೆ ಇಬ್ಬರೂ ಆ ಹಲಗೆಯ ಮೇಲೆ ಇದುವರೆಗೆ ಒಮ್ಮೆಯೂ ಕಾಲಿಟ್ಟವರಲ್ಲ. ತಮ್ಮ ಕಳೆದ ವರ್ಷ ಮೂಲ್ಕಿಯಲ್ಲಿ ಮೂರು ದಿನ ಸರ್ಫಿಂಗ್ ಕಲಿತು ಬಂದಿದ್ದಾನೆ. ಹುಡುಕಿದಾಗ ಮೂರು ಸ್ಥಳಗಳ ಹೆಸರು ಮತ್ತೆ ಮತ್ತೆ ಎದುರಾಯಿತು: ಬ್ಯಾಂಕಾಕ್‌ನ ಉತ್ತರಕ್ಕೆ ಪಥುಮ್ ಥಾನಿ ಪ್ರಾಂತ್ಯದ ಲಾಮ್ ಲುಕ್ ಕಾ ಎಂಬಲ್ಲಿರುವ ಥಾಯ್ ವೇಕ್ ಪಾರ್ಕ್, ಪಟ್ಟಾಯದ ಪಾರ್ಕ್, ಮತ್ತು ಫುಕೆಟ್‌ನ ಕಥುವಿನಲ್ಲಿರುವ ಫುಕೆಟ್ ವೇಕ್ ಪಾರ್ಕ್. ಎಲ್ಲರೂ ಮೊದಲನೆಯದನ್ನೇ ಹೊಗಳುತ್ತಾರೆ. ಹೆಚ್ಚೆಂದರೆ ಒಂದು ಇಡೀ ದಿನ ಅಥವಾ ಎರಡು ಅರ್ಧ ದಿನಗಳನ್ನು ಇದಕ್ಕೆ ಮೀಸಲಿಡಬಲ್ಲೆವು. ಇಷ್ಟು ಕಡಿಮೆ ಸಮಯದಲ್ಲಿ ಎಲ್ಲಿಗೆ ಹೋಗುವುದು ಲೇಸು? ಯಜಮಾನರು ನೀರಿಗೆ ಇಳಿಯುವುದಿಲ್ಲ, ದಡದಲ್ಲಿ ಕೂತು ನೋಡುತ್ತಾರೆ; ಅವರಿಗೂ ಬೇಸರವಾಗಬಾರದು.

ಬ್ಯಾಂಕಾಕ್‌ನಲ್ಲಿದ್ದವನು – ಉತ್ತರ

ನಮಸ್ಕಾರ. ಉದ್ಯೋಗದ ನಿಮಿತ್ತ ನಾಲ್ಕು ವರ್ಷ ಬ್ಯಾಂಕಾಕ್‌ನಲ್ಲಿದ್ದೆ, ಬಿಡುವಾದಾಗಲೆಲ್ಲ ಲಾಮ್ ಲುಕ್ ಕಾಗೆ ಹೋಗುತ್ತಿದ್ದೆ. ಆ ಪಾರ್ಕಿನ ಮೇಲೆ ನನಗೆ ಅಪಾರ ಪ್ರೀತಿ ಇದೆ. ಆದರೂ ನಿಮ್ಮ ಪ್ರವಾಸದ ವಿವರ ಓದಿದ ಮೇಲೆ ನಾನು ಹೇಳುವುದು ಕಥುವಿನ ಹೆಸರನ್ನೇ. ಕಾರಣವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಲಾಮ್ ಲುಕ್ ಕಾ ಪಾರ್ಕಿಗೆ ಅಷ್ಟು ಖ್ಯಾತಿ ಬಂದಿರುವುದು ನೀರಿನ ಮೇಲೆ ನಿಲ್ಲಿಸಿರುವ ಅಡೆತಡೆಗಳಿಂದ, ಅಂದರೆ ಹಾರುವ ಇಳಿಜಾರುಗಳು ಮತ್ತು ಜಾರುವ ಪಟ್ಟಿಗಳಿಂದ. ಯುರೋಪಿನಲ್ಲಿ ಚಳಿಗಾಲ ಬಂದು ಅಲ್ಲಿಯ ಕೆರೆಗಳು ಮುಚ್ಚಿದಾಗ ನುರಿತ ಸವಾರರು ಇಲ್ಲಿಗೆ ಬಂದು ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ ಉಳಿದು ಅಭ್ಯಾಸ ಮಾಡುತ್ತಾರೆ. ಕೆರೆಯ ಪಕ್ಕದಲ್ಲೇ ತಂಗುವ ಕೋಣೆಗಳೂ ಇವೆ. ಈ ಆಕರ್ಷಣೆಗಳಲ್ಲಿ ಒಂದೂ ಮೊದಲ ದಿನದ ಕಲಿಕೆಗೆ ನೆರವಾಗುವುದಿಲ್ಲ. ಮೊದಲ ದಿನ ನೀವು ಕಲಿಯುವುದು ನೀರಿನಿಂದ ಎದ್ದು ನಿಲ್ಲುವುದು, ನೇರವಾಗಿ ಸಾಗುವುದು ಮತ್ತು ಸಾಧ್ಯವಾದರೆ ಎಡಬಲಕ್ಕೆ ತಿರುಗುವುದು, ಇಷ್ಟೇ. ಅದಕ್ಕೆ ಬೇಕಾದದ್ದು ಅಡೆತಡೆಗಳಿಲ್ಲದ, ಶಾಂತವಾದ ಕೆರೆ ಮತ್ತು ಕೇಬಲ್ ನಡೆಸುವ ತಾಳ್ಮೆಯ ಆಪರೇಟರ್.

ಎರಡನೆಯದು ದಾರಿ. ಸುಖುಮ್‌ವಿತ್‌ನಿಂದ ಆ ಪಾರ್ಕು ಸುಮಾರು 40 ಕಿಲೋಮೀಟರ್ ದೂರ. 2020ರ ಡಿಸೆಂಬರಿನಲ್ಲಿ ಬಿಟಿಎಸ್ ರೈಲಿನ ಹಸಿರು ಮಾರ್ಗ ಕು ಖೋಟ್‌ವರೆಗೆ ವಿಸ್ತರಣೆಗೊಂಡ ಮೇಲೆ ಪ್ರಯಾಣ ಸುಲಭವಾಗಿದೆ ಎನ್ನುವುದು ನಿಜ. ಆದರೆ ಆ ನಿಲ್ದಾಣದಲ್ಲಿ ಇಳಿದ ಮೇಲೂ ಟ್ಯಾಕ್ಸಿ ಹಿಡಿದು ಪೂರ್ವಕ್ಕೆ ಸಾಗಬೇಕು. ಆ ಕಡೆಯ ವಿಳಾಸಗಳೆಲ್ಲ ಕಾಲುವೆಯ ಲೆಕ್ಕದಲ್ಲಿರುತ್ತವೆ: ರಂಗ್‌ಸಿತ್ ಬಯಲಿನಲ್ಲಿ ಸಾಲಾಗಿ ತೋಡಿರುವ ನಾಲೆಗಳಿಗೆ ಒಂದನೆಯದು, ಎರಡನೆಯದು ಎಂದು ಅಂಕಿಗಳೇ ಹೆಸರು, ಚಾಲಕರು ಊರಿನ ಹೆಸರಿಗಿಂತ ಮೊದಲು ಕಾಲುವೆಯ ಅಂಕಿಯನ್ನೇ ಕೇಳುತ್ತಾರೆ. ಹೋಗಿ ಬರುವುದರಲ್ಲಿ ಮೂರು ಗಂಟೆ ಕಳೆದರೆ, ಬ್ಯಾಂಕಾಕ್‌ನಲ್ಲಿ ನಿಮಗಿರುವ ಒಂದೇ ಒಂದು ಪೂರ್ಣ ದಿನ ಅಲ್ಲಿಗೆ ಮುಗಿಯುತ್ತದೆ. ನಿಮ್ಮ ಯಜಮಾನರು ಆ ಊರಿನಲ್ಲಿ ಬೇರೇನನ್ನೂ ನೋಡಿದಂತಾಗುವುದಿಲ್ಲ.

ಕಥು ಹಾಗಲ್ಲ. ಪಟಾಂಗ್‌ನಿಂದ ಗುಡ್ಡ ಹತ್ತಿ ಆಚೆಗೆ ಇಳಿದರೆ ಕಥು ಬಂತು. ಹಿಂದೆ ತವರದ ಗಣಿಗಾರಿಕೆಗೆ ಹೆಸರಾಗಿದ್ದ ಪ್ರದೇಶವದು. ಸುತ್ತ ಹಸಿರು ಗುಡ್ಡಗಳಿವೆ, ದಡದಲ್ಲಿ ಕೂರುವವರ ಕಣ್ಣಿಗೂ ಹಿತ. ಬೆಳಿಗ್ಗೆ ತಿಂಡಿ ಮುಗಿಸಿ ಹೊರಟು, ಎರಡು ಗಂಟೆ ನೀರಿನಲ್ಲಿದ್ದು, ಮಧ್ಯಾಹ್ನದ ಊಟಕ್ಕೆ ಕೋಣೆಗೆ ಮರಳಬಹುದು. ಮರುದಿನ ಮತ್ತೆ ಹೋಗಬಹುದು. ಈ ಎರಡನೆಯ ಬೆಳಿಗ್ಗೆಯೇ ಎಲ್ಲಕ್ಕಿಂತ ಮುಖ್ಯ. ಮೊದಲ ದಿನ ಕೈಗಳು ಸೋತು, ಏನೂ ಬರಲಿಲ್ಲವೆಂದು ಬೇಸರಪಟ್ಟು ಹೋದವರು ಒಂದು ರಾತ್ರಿ ನಿದ್ದೆ ಮಾಡಿ ಬಂದ ಮೇಲೆ ಮೊದಲ ಪ್ರಯತ್ನದಲ್ಲೇ ಎದ್ದು ನಿಂತದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆದ್ದರಿಂದ ಒಂದು ಇಡೀ ದಿನಕ್ಕಿಂತ ಎರಡು ಅರ್ಧ ದಿನಗಳು ಮೇಲು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಪಟ್ಟಾಯವನ್ನು ಬಿಟ್ಟುಬಿಡಿ, ಅದು ನಿಮ್ಮ ದಾರಿಯಲ್ಲೇ ಇಲ್ಲ.

ಇನ್ನೊಂದು ವಿಷಯ. ಥಾಯ್ ಜನರ ಲೊಯ್ ಕ್ರಥೊಂಗ್ ಹಬ್ಬ ಸಾಮಾನ್ಯವಾಗಿ ನವೆಂಬರಿನ ಹುಣ್ಣಿಮೆಗೆ ಬರುತ್ತದೆ. ನಮ್ಮ ಕಾರ್ತಿಕ ಹುಣ್ಣಿಮೆಯ ಆಸುಪಾಸಿನಲ್ಲೇ ಅವರೂ ನೀರಿನಲ್ಲಿ ದೀಪ ತೇಲಿಬಿಡುತ್ತಾರೆ. ನಿಮ್ಮ ದಿನಾಂಕಗಳು ಅದರ ಹತ್ತಿರವಿದ್ದರೆ ಆ ಸಂಜೆಯನ್ನು ಬೇರೆ ಯಾವುದಕ್ಕೂ ಕೊಡಬೇಡಿ. ಪಾರ್ಕಿಗೆ ಮಾತ್ರ ಶನಿವಾರ, ಭಾನುವಾರ ತಪ್ಪಿಸಿ, ವಾರದ ನಡುವೆ, ತೆರೆಯುವ ಹೊತ್ತಿಗೇ ಹೋಗಿ.

ಮ್ಯೂನಿಕ್ ಕನ್ನಡಿಗ – ಉತ್ತರ

ಮೇಲಿನವರು ಹೇಳಿದ್ದು ಸರಿಯಾಗಿದೆ. ಆದರೆ ಯಾವ ಊರು ಎಂಬುದಕ್ಕಿಂತ ಯಾವ ಬಗೆಯ ಕೇಬಲ್ ಎಂಬ ಪ್ರಶ್ನೆ ಮೊದಲು ಬರಬೇಕು ಎಂಬುದು ನನ್ನ ಅಭಿಪ್ರಾಯ. ನಾನು ಮ್ಯೂನಿಕ್‌ನ ಪಕ್ಕದ ಆಶ್‌ಹೈಮ್ ಕೆರೆಯಲ್ಲಿ ಪ್ರತಿ ಬೇಸಿಗೆಯಲ್ಲೂ ಸವಾರಿ ಮಾಡುವವನು. ದೋಣಿಯ ನೆರವಿಲ್ಲದೆ ತಂತಿಯಿಂದ ಸವಾರನನ್ನು ಎಳೆಯುವ ಈ ವ್ಯವಸ್ಥೆಯನ್ನು ರೂಪಿಸಿದವರೂ ಜರ್ಮನಿಯ ಎಂಜಿನಿಯರ್ ಬ್ರೂನೋ ರಿಕ್ಸೆನ್ ಅವರೇ.

ಕೇಬಲ್‌ಗಳಲ್ಲಿ ಎರಡು ಬಗೆ. ಮೊದಲನೆಯದು ದೊಡ್ಡ ಸುತ್ತಿನ ಕೇಬಲ್. ಕೆರೆಯ ಸುತ್ತ ಸಾಮಾನ್ಯವಾಗಿ ಐದು ಅಥವಾ ಆರು ಗೋಪುರಗಳಿದ್ದು, ನೀರಿನಿಂದ ಸುಮಾರು ಹತ್ತು ಮೀಟರ್ ಎತ್ತರದಲ್ಲಿ ಉಕ್ಕಿನ ಹಗ್ಗ ನಿಲ್ಲದೆ ಸುತ್ತುತ್ತಿರುತ್ತದೆ, ಎಂಟು ಹತ್ತು ಮಂದಿ ಒಟ್ಟಿಗೆ ಸವಾರಿ ಮಾಡಬಹುದು. ಅದರ ವೇಗ ಗಂಟೆಗೆ 30 ಕಿಲೋಮೀಟರಿನ ಆಸುಪಾಸಿನಲ್ಲಿ ಸ್ಥಿರವಾಗಿರುತ್ತದೆ. ನಿಮ್ಮೊಬ್ಬರಿಗಾಗಿ ಅದನ್ನು ತಗ್ಗಿಸಲು ಬರುವುದಿಲ್ಲ, ಏಕೆಂದರೆ ಉಳಿದವರೆಲ್ಲ ಅದೇ ಹಗ್ಗದಲ್ಲಿ ನೇತಾಡುತ್ತಿರುತ್ತಾರೆ. ಹೊರಡುವ ಕಟ್ಟೆಯ ಅಂಚಿನಲ್ಲಿ ನಿಂತು ನೀವು ಹಿಡಿದಿರುವ ಹ್ಯಾಂಡಲಿಗೆ ಮೇಲಿನ ಕೊಕ್ಕೆ ಸಿಕ್ಕಿಕೊಂಡ ಮರುಕ್ಷಣವೇ ನೀವು ಆ ವೇಗಕ್ಕೆ ಏರಬೇಕು. ಅಲ್ಲಿಂದ ಪಾರಾದರೆ ಮೊದಲ ತಿರುವು ಎದುರಾಗುತ್ತದೆ: ಗೋಪುರದ ಗಾಲಿಯನ್ನು ಹಗ್ಗ ದಾಟುವಾಗ ಒಂದು ಕ್ಷಣ ಸಡಿಲವಾಗಿ, ಮರುಕ್ಷಣ ಬಲವಾಗಿ ಜಗ್ಗುತ್ತದೆ. ಹೊಸಬರು ಒಳಗಡೆಗೆ ಸಾಗಿ ಆ ಜಗ್ಗಾಟಕ್ಕೆ ಬೀಳುತ್ತಾರೆ. ತಿರುವಿನ ಹೊರಬದಿಯಲ್ಲಿ ಅಗಲವಾಗಿ ಸಾಗಿದವರು ದಾಟುತ್ತಾರೆ. ಬಿದ್ದರೆ ಕೂಡಲೇ ಹ್ಯಾಂಡಲ್ ಬಿಟ್ಟು, ಹಿಂದಿನಿಂದ ಬರುವ ಸವಾರನನ್ನು ಗಮನಿಸಿ, ಅವನ ದಾರಿಯಿಂದ ಸರಿದು ಹತ್ತಿರದ ದಡಕ್ಕೆ ಈಜಬೇಕು. ಅಲ್ಲಿಂದ ಹಲಗೆ ಹೊತ್ತು ನಡೆದು ಬಂದು ಮತ್ತೆ ಸರದಿಯ ಕೊನೆಯಲ್ಲಿ ನಿಲ್ಲಬೇಕು.

ಎರಡನೆಯದು ಎರಡು ಗೋಪುರಗಳ ಕೇಬಲ್. ನೇರ ಗೆರೆಯಲ್ಲಿ ನೂರೈವತ್ತು, ಇನ್ನೂರು ಮೀಟರ್ ಹೋಗಿ ಹಿಂದಿರುಗುತ್ತದೆ, ಒಮ್ಮೆಗೆ ಒಬ್ಬರೇ ಸವಾರರು. ರಿಮೋಟ್ ಹಿಡಿದ ಆಪರೇಟರ್ ನಿಮ್ಮನ್ನೇ ನೋಡುತ್ತ ವೇಗವನ್ನು ಏರಿಸಿ ಇಳಿಸುತ್ತಾನೆ. ನೀರಿನಲ್ಲಿ ಕೂತಲ್ಲಿಂದಲೇ ಮೆಲ್ಲಗೆ ಎಬ್ಬಿಸುತ್ತಾನೆ, ಬಿದ್ದರೆ ಹ್ಯಾಂಡಲನ್ನು ನಿಮ್ಮ ಕೈಗೇ ತಂದುಕೊಡುತ್ತಾನೆ. ನಡಿಗೆಯಿಲ್ಲ, ಸರದಿಯಿಲ್ಲ.

ನಾನು ಕಲಿತದ್ದು ತಪ್ಪು ಕ್ರಮದಲ್ಲಿ. ಹಲವು ವರ್ಷಗಳ ಹಿಂದೆ ಬೇರೊಂದು ದೇಶದಲ್ಲಿ ಎರಡು ದಿನಗಳ ರಜೆಗೆಂದು ಹೋಗಿದ್ದಾಗ, ಅಗ್ಗವೆಂಬ ಕಾರಣಕ್ಕೆ ದೊಡ್ಡ ಕೇಬಲ್‌ಗೆ ಎರಡು ಗಂಟೆಗಳ ಟಿಕೆಟ್ ಕೊಂಡೆ. ಆ ಎರಡು ಗಂಟೆಗಳಲ್ಲಿ ನನಗೆ ಸಿಕ್ಕಿದ್ದು ಹನ್ನೊಂದು ಅವಕಾಶ. ಹನ್ನೊಂದೂ ಸಲ ಕಟ್ಟೆಯಿಂದ ಕೆಲವೇ ಮೀಟರ್ ದೂರದಲ್ಲಿ ಬಿದ್ದೆ. ಪ್ರತಿ ಸಲ ಐದು ಸೆಕೆಂಡ್ ಎಂದಿಟ್ಟುಕೊಂಡರೂ ಹಲಗೆಯ ಮೇಲೆ ನಾನು ಕಳೆದದ್ದು ಒಂದು ನಿಮಿಷವೂ ಆಗಲಿಲ್ಲ. ಬೀಳುತ್ತಿರುವುದೇಕೆಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಮುಂದಿನ ವರ್ಷ ಎರಡು ಗೋಪುರಗಳ ಕೇಬಲ್‌ನಲ್ಲಿ ಇಪ್ಪತ್ತು ನಿಮಿಷದ ಪಾಠ ತೆಗೆದುಕೊಂಡಾಗ ನಾಲ್ಕನೆಯ ಯತ್ನಕ್ಕೇ ಎದ್ದು ನಿಂತೆ.

ಹಾಗಾಗಿ ಹಣ ಕಟ್ಟುವ ಮೊದಲು ಪಾರ್ಕಿಗೆ ಸಂದೇಶ ಕಳುಹಿಸಿ, ಎರಡು ಗೋಪುರಗಳ ಕೇಬಲ್ ನೀವು ಹೋಗುವ ದಿನ ನಡೆಯುತ್ತಿರುತ್ತದೆಯೇ, ಹೊಸಬರಿಗೆ ಕಲಿಸುವವರು ಆ ಹೊತ್ತಿನಲ್ಲಿ ಇರುತ್ತಾರೆಯೇ ಎಂದು ಸ್ಪಷ್ಟವಾಗಿ ಕೇಳಿ. ಇಲ್ಲವೆಂಬ ಉತ್ತರ ಬಂದರೆ ಎಷ್ಟೇ ಹತ್ತಿರವಿದ್ದರೂ ಆ ಪಾರ್ಕು ನಿಮಗಲ್ಲ. ಆಗ ಲಾಮ್ ಲುಕ್ ಕಾಗೆ ಹೋಗುವ ಶ್ರಮಕ್ಕೆ ಅರ್ಥವಿದೆ.

ಎದ್ದು ನಿಲ್ಲುವ ಬಗೆಯ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ಬಾವಿಯಿಂದ ಕೊಡ ಸೇದುವಂತೆ ಹ್ಯಾಂಡಲನ್ನು ಎದೆಗೆ ಎಳೆದುಕೊಳ್ಳುವುದೇ ಎಲ್ಲರೂ ಮಾಡುವ ತಪ್ಪು. ಕೈಗಳು ನೇರವಾಗಿರಲಿ, ಮಂಡಿ ಎದೆಗೆ ಹತ್ತಿರವಿರಲಿ, ಕುಕ್ಕರಗಾಲಿನಲ್ಲಿ ಕೂತಂತೆಯೇ ಇದ್ದು ಹಗ್ಗವೇ ನಿಮ್ಮನ್ನು ಹಲಗೆಯ ಮೇಲೆ ತರುವವರೆಗೆ ಕಾಯಿರಿ. ಕುಕ್ಕರಗಾಲಿನಲ್ಲಿ ಕೂತು ಅಭ್ಯಾಸವಿರುವ ನಮ್ಮವರಿಗೆ ಈ ಭಂಗಿ ಇಲ್ಲಿಯ ನನ್ನ ಗೆಳೆಯರಿಗಿಂತ ಬೇಗ ಒಗ್ಗುತ್ತದೆ. ಕರಾವಳಿಯವರಾದರೆ ಕಂಬಳದ ಅಡ್ಡಹಲಗೆಯ ಓಟವನ್ನು ನೆನೆಯಿರಿ: ಕೋಣಗಳು ಎಳೆಯುವ ಹಲಗೆಯ ಮೇಲೆ ನಿಂತವನು ಎಳೆತಕ್ಕೆ ಎದುರಾಗಿ ಮೈಭಾರವನ್ನು ಹಿಂದಕ್ಕೆ ಇಟ್ಟಿರುತ್ತಾನೆ, ಮುಂದಕ್ಕೆ ಬಾಗಿದರೆ ಮುಗ್ಗರಿಸುತ್ತಾನೆ.

ಮೈಸೂರಿನವಳು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಕೇಬಲ್‌ಗಳಲ್ಲಿ ಎರಡು ಬಗೆ ಇರುವ ಸಂಗತಿಯೇ ನನಗೆ ಗೊತ್ತಿರಲಿಲ್ಲ, ಎರಡು ಗಂಟೆಗಳ ಟಿಕೆಟನ್ನೇ ಕೊಳ್ಳುವವಳಿದ್ದೆ.

ಇನ್ನು ಮೂರು ಸಂದೇಹಗಳಿವೆ. ತಮ್ಮನಿಗೆ ಸರ್ಫಿಂಗ್ ಬರುವುದರಿಂದ ಅವನು ನೇರವಾಗಿ ದೊಡ್ಡ ಕೇಬಲ್‌ಗೆ ಹೋಗಬಹುದೇ? ಎರಡು ಗೋಪುರಗಳ ಕೇಬಲ್‌ನಲ್ಲಿ ಒಬ್ಬರಿಗೆ ಎಷ್ಟು ಹೊತ್ತು ಕಾಯ್ದಿರಿಸಬೇಕು? ನವೆಂಬರಿನಲ್ಲಿ ಫುಕೆಟ್‌ನಲ್ಲಿ ಮಳೆ ಇರುತ್ತದೆ ಎಂದು ಕೆಲವರು ಹೆದರಿಸುತ್ತಿದ್ದಾರೆ, ಅದು ನಿಜವೇ?

ಬ್ಯಾಂಕಾಕ್‌ನಲ್ಲಿದ್ದವನು

ಮಳೆಯ ವಿಷಯ ನಿಜ. ಫುಕೆಟ್‌ನ ಮಳೆಗಾಲ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ. ಅದರಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಜೋರು. ನವೆಂಬರಿನಲ್ಲಿ ತಗ್ಗುತ್ತದೆ, ಪೂರ್ತಿ ನಿಂತಿರುವುದಿಲ್ಲ. ಬರಿಯ ಮಳೆಗೆ ಕೇಬಲ್ ನಿಲ್ಲಿಸುವುದಿಲ್ಲ, ನೆನೆಯುವುದಕ್ಕೇ ಹೋದವರಿಗೆ ಮಳೆಯಿಂದ ನಷ್ಟವೂ ಇಲ್ಲ. ಆದರೆ ಗುಡುಗು ಮಿಂಚು ಬಂದರೆ ಎಲ್ಲರನ್ನೂ ನೀರಿನಿಂದ ಹೊರಗೆ ಕರೆಯುತ್ತಾರೆ. ಮೂರು ರಾತ್ರಿಗಳಿರುವುದರಿಂದ ಫುಕೆಟ್ ತಲುಪಿದ ಮರುದಿನ ಬೆಳಿಗ್ಗೆಯೇ ಮೊದಲ ಪಾಠ ಇಟ್ಟುಕೊಳ್ಳಿ. ಆಗ ಒಂದು ಬೆಳಿಗ್ಗೆ ಮಿಂಚಿಗೆ ಹೋದರೂ ಇನ್ನೊಂದು ಉಳಿದಿರುತ್ತದೆ. ಬ್ಯಾಂಕಾಕ್‌ನಲ್ಲಿಯೇ ಮುಗಿಸಿಬಿಡೋಣವೆಂದು ಹೊರಟರೆ ಈ ಅವಕಾಶ ಇರುವುದಿಲ್ಲ.

ಮ್ಯೂನಿಕ್ ಕನ್ನಡಿಗ

ಸರ್ಫಿಂಗ್ ಬಲ್ಲ ತಮ್ಮನಿಗೆ ಖಂಡಿತ ಅನುಕೂಲವಿದೆ: ಯಾವ ಕಾಲು ಮುಂದಿಡಬೇಕೆಂಬುದು ಅವನಿಗೆ ಈಗಾಗಲೇ ಗೊತ್ತು, ಪಕ್ಕಕ್ಕೆ ತಿರುಗಿ ನಿಂತು ಮುಂದೆ ನೋಡುವ ಅಭ್ಯಾಸವೂ ಇದೆ. ಆದರೆ ಸರ್ಫ್ ಹಲಗೆಯ ಮೇಲೆ ಕಾಲು ಬಿಡುವಾಗಿರುತ್ತದೆ, ಇಲ್ಲಿ ಎರಡೂ ಕಾಲುಗಳನ್ನು ಬೂಟಿನಲ್ಲಿ ಬಿಗಿದಿರುತ್ತಾರೆ, ಜೊತೆಗೆ ಕೈಯಿಂದ ಎಳೆತ. ಅವನೂ ಒಂದು ಪಾಠವನ್ನು ಎರಡು ಗೋಪುರಗಳಲ್ಲೇ ಮುಗಿಸಲಿ. ಎರಡನೆಯ ದಿನ ಬೇಕಾದರೆ ದೊಡ್ಡ ಕೇಬಲ್‌ಗೆ ಹೋಗಲಿ. ನಿಮ್ಮ ಮುಂದಿನ ಕಾಲು ಯಾವುದೆಂದು ಮನೆಯಲ್ಲೇ ನೋಡಿಕೊಳ್ಳಬಹುದು. ಕಾಲುಚೀಲ ಹಾಕಿಕೊಂಡು ನುಣುಪಾದ ನೆಲದ ಮೇಲೆ ಓಡಿಬಂದು ಜಾರಿ. ತಾನಾಗಿ ಮುಂದೆ ಬರುವ ಕಾಲೇ ಅದು.

ಸಮಯದ ಬಗ್ಗೆ: ಮೊದಲ ದಿನ ಒಬ್ಬರಿಗೆ ಹದಿನೈದು, ಇಪ್ಪತ್ತು ನಿಮಿಷ ಧಾರಾಳ. ಕಡಿಮೆ ಎನ್ನಿಸಬಹುದು, ಆದರೆ ಅಷ್ಟರಲ್ಲಿ ಮುಂಗೈ ಬಿಗಿದುಕೊಂಡು ಹ್ಯಾಂಡಲ್ ಹಿಡಿಯಲು ಬೆರಳುಗಳೇ ಒಪ್ಪುವುದಿಲ್ಲ. ನೀವು ಸ್ವಲ್ಪ ಹೊತ್ತು, ತಮ್ಮ ಸ್ವಲ್ಪ ಹೊತ್ತು, ಮತ್ತೆ ನೀವು ಎಂದು ಸರದಿ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಒಬ್ಬರು ಬೀಳುವುದನ್ನು ದಡದಿಂದ ನೋಡುವವರಿಗೆ ತಪ್ಪು ಬೇಗ ಕಾಣುತ್ತದೆ.

ಉಡುಪಿಯ ಫಿಸಿಯೋ – ಉತ್ತರ

ಈ ಚರ್ಚೆಯಲ್ಲಿ ದೇಹದ ಬಗ್ಗೆ ಯಾರೂ ಹೆಚ್ಚು ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಫಿಸಿಯೋಥೆರಪಿ ನನ್ನ ವೃತ್ತಿ, ಮತ್ತು ರಜೆಯಲ್ಲಿ ಇಂತಹ ಕ್ರೀಡೆಗಳಿಗೆ ಹೋಗಿ ಭುಜ ಅಥವಾ ಮಂಡಿ ನೋಯಿಸಿಕೊಂಡು ಬಂದವರನ್ನು ನೋಡುತ್ತಲೇ ಇರುತ್ತೇನೆ.

ಇನ್ನೂ ಕೆಲವು ವಾರಗಳಿದ್ದರೆ ದಿನಕ್ಕೆ ಎರಡು ಬಾರಿ ಹದಿನೈದು ಬಸ್ಕಿ ಹೊಡೆಯಿರಿ, ಗಟ್ಟಿಯಾದ ಕಂಬಿ ಹಿಡಿದು ಇಪ್ಪತ್ತು ಸೆಕೆಂಡ್ ನೇತಾಡಿ, ನಿಧಾನವಾಗಿ ಹೆಚ್ಚಿಸಿ. ಭುಜ ಎಂದಾದರೂ ಜಾರಿದ ಇತಿಹಾಸವಿದ್ದರೆ ಈ ಆಟವೇ ಬೇಡ. ನೀರಿನಲ್ಲಿ ಬೀಳುತ್ತಿದ್ದೇವೆ ಎಂದು ತಿಳಿದ ಕೂಡಲೇ ಹ್ಯಾಂಡಲ್ ಬಿಡಿ. ಬಿಡದೆ ಹಿಡಿದುಕೊಂಡವರ ಭುಜವೇ ಪೆಟ್ಟು ತಿನ್ನುವುದು.

ಕಿವಿಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವೇಗದಲ್ಲಿ ಪಕ್ಕಕ್ಕೆ ಬಿದ್ದು ಕಿವಿ ನೀರಿಗೆ ಅಪ್ಪಳಿಸಿದರೆ ತಮಟೆ ಹರಿಯಬಹುದು. ಆದ್ದರಿಂದ ಕಿವಿ ಮುಚ್ಚುವ ಪಟ್ಟಿಗಳಿರುವ ಹೆಲ್ಮೆಟ್ ಕೊಡುವಂತೆ ಕೇಳಿ. ಬಿದ್ದ ಮೇಲೆ ಕಿವಿ ನೋಯುತ್ತಿದ್ದರೆ, ಮಂದವಾಗಿ ಕೇಳಿಸುತ್ತಿದ್ದರೆ, ಅಂದಿಗೆ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಮನೆಯಿಂದ ಒಯ್ದ ಎಣ್ಣೆಯನ್ನಾಗಲಿ ಹನಿಗಳನ್ನಾಗಲಿ ಹಾಕಬೇಡಿ.

ಮೈಗೆ ತೊಡುವ ಜಾಕೆಟ್‌ಗಳಲ್ಲಿ ಎರಡು ಬಗೆ ಎಂಬುದೂ ತಿಳಿದಿರಲಿ. ನುರಿತವರು ತೊಡುವ ತೆಳುವಾದ ಇಂಪ್ಯಾಕ್ಟ್ ವೆಸ್ಟ್ ಪಕ್ಕೆಲುಬಿಗೆ ಪೆಟ್ಟು ತಾಗದಂತೆ ಕಾಯುತ್ತದೆಯೇ ಹೊರತು ದಣಿದವರನ್ನು ತೇಲಿಸುವ ಭರವಸೆ ಕೊಡುವುದಿಲ್ಲ. ನಿಮಗೆ ಈಜು ಬಂದರೂ ನಿಜವಾದ ಲೈಫ್ ಜಾಕೆಟನ್ನೇ ಕೇಳಿ ಪಡೆಯಿರಿ.

ಕೆರೆಯ ನೀರಾದ್ದರಿಂದ ಕಾಲಿನಲ್ಲಿ ತೆರೆದ ಗಾಯವಿದ್ದರೆ ಇಳಿಯಬೇಡಿ. ಇಲಿಯ ಮೂತ್ರ ಬೆರೆತ ನೀರು ಗಾಯಕ್ಕೆ ತಾಗಿ ಬರುವ ಇಲಿಜ್ವರ ಎಂದರೇನೆಂದು ನಮ್ಮ ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಮಳೆಗಾಲ ಮುಗಿಯುವ ಹೊತ್ತಿನ ನಿಂತ ನೀರಿನಲ್ಲಿ ಆ ಅಪಾಯ ಎಲ್ಲ ದೇಶಗಳಲ್ಲೂ ಇದೆ. ಊರಿಗೆ ಮರಳಿದ ಒಂದೆರಡು ವಾರಗಳಲ್ಲಿ ಜ್ವರ, ಮೈಕೈ ನೋವು ಬಂದರೆ ಕೆರೆಯಲ್ಲಿ ಆಡಿದ್ದನ್ನು ವೈದ್ಯರಿಗೆ ಮರೆಯದೆ ಹೇಳಿ.

ಕೊನೆಯದಾಗಿ, ಪ್ರವಾಸದ ವಿಮೆ. ಅನೇಕ ಪಾಲಿಸಿಗಳು ಸಾಹಸ ಕ್ರೀಡೆಗಳಲ್ಲಿ ಆದ ಗಾಯಕ್ಕೆ ಹಣ ಕೊಡುವುದಿಲ್ಲ. ಪಾಲಿಸಿಯ ಹೊರಗಿಟ್ಟ ಸಂಗತಿಗಳ ಪಟ್ಟಿಯನ್ನು ಓದಿ, ಸಂದೇಹವಿದ್ದರೆ ವೇಕ್‌ಬೋರ್ಡಿಂಗ್ ಸೇರಿದೆಯೇ ಎಂದು ಇಮೇಲ್‌ನಲ್ಲಿ ಕೇಳಿ ಲಿಖಿತ ಉತ್ತರ ಪಡೆದುಕೊಳ್ಳಿ.

ಮೈಸೂರಿನವಳು

ಎಲ್ಲವನ್ನೂ ಬರೆದಿಟ್ಟುಕೊಂಡೆ. ಕಥುವಿನಲ್ಲಿ ಎರಡು ಬೆಳಿಗ್ಗೆ ಎಂದು ನಿರ್ಧರಿಸಿ, ನೀವು ಹೇಳಿದ ಪ್ರಶ್ನೆಗಳನ್ನು ಪಾರ್ಕಿಗೆ ಕಳುಹಿಸಿದ್ದೇನೆ. ಉತ್ತರ ಬಂದ ಮೇಲೆಯೇ ಹಣ ಕಟ್ಟುತ್ತೇನೆ. ಬ್ಯಾಂಕಾಕ್‌ನ ದಿನವನ್ನು ಯಜಮಾನರಿಗೆ ಬಿಟ್ಟುಕೊಟ್ಟಿದ್ದೇನೆ. ಮರೆತಿದ್ದ ಒಂದು ಪ್ರಶ್ನೆ: ನನಗೆ ಮೈನಸ್ ಮೂರರ ಕನ್ನಡಕವಿದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಇಳಿಯಬಹುದೇ?

ಉಡುಪಿಯ ಫಿಸಿಯೋ

ಬೇಡ. ಕೆರೆಯ ನೀರಿನಲ್ಲಿ ಲೆನ್ಸ್ ತೊಟ್ಟರೆ ಸೂಕ್ಷ್ಮಜೀವಿಗಳು ಅದರ ಹಿಂದೆ ಉಳಿದು ಕಣ್ಣಿಗೆ ಗಂಭೀರವಾದ ಸೋಂಕು ತರಬಹುದು, ಬಿದ್ದಾಗ ಲೆನ್ಸ್ ಕಳೆದುಹೋಗುವ ಸಾಧ್ಯತೆಯೂ ಇದೆ. ಕನ್ನಡಕವನ್ನು ಯಜಮಾನರ ಕೈಗೆ ಕೊಟ್ಟು ಹಾಗೆಯೇ ಇಳಿಯಿರಿ. ನೀವು ನೋಡುತ್ತಿರಬೇಕಾದದ್ದು ಎದುರಿನ ಗೋಪುರವನ್ನು, ಅದು ಮೈನಸ್ ಮೂರಕ್ಕೂ ಮಸುಕಾಗಿಯಾದರೂ ಕಾಣುತ್ತದೆ. ಕಾಣದೆ ಹೋಗುವುದು ದಡದಲ್ಲಿರುವ ಆಪರೇಟರ್ ಬೆರಳಿನಿಂದ ಮಾಡುವ ಸನ್ನೆ. ಆದ್ದರಿಂದ ನೀರಿಗೆ ಇಳಿಯುವ ಮೊದಲೇ ಅವರಿಗೆ ತಿಳಿಸಿ, ಇಡೀ ತೋಳನ್ನು ಎತ್ತಿ ಸನ್ನೆ ಮಾಡುವಂತೆ ಕೇಳಿಕೊಳ್ಳಿ. ಎರಡು ಗೋಪುರಗಳ ಕೇಬಲ್‌ನಲ್ಲಿ ಅವರು ನೋಡಿಕೊಳ್ಳಬೇಕಾದದ್ದು ನಿಮ್ಮೊಬ್ಬರನ್ನೇ, ಖಂಡಿತ ಮಾಡುತ್ತಾರೆ.